ಯಾವ ಹಾಡು ಮೇಲು?

ಮನುಷ್ಯನಿಗೆ ಪ್ರಿಯವಾದ ವಸ್ತುಗಳು ಹತ್ತಿದ್ದರೆ, ಅವುಗಳಲ್ಲಿ ಒಂದನ್ನು ಎತ್ತರದ ಮಣೆಯ ಮೇಲೆ ಕುಳ್ಳಿರಿಸುವವರೆಗೆ ಅವನಿಗೆ ಸಮಾಧಾನವಿರುವುದಿಲ್ಲ. ಹತ್ತು ಬಗೆಯ ಹಣ್ಣುಗಳನ್ನು ತಿಂದವನು ಅವುಗಳಲ್ಲಿ ಯಾವುದು ಹೆಚ್ಚು ರುಚಿ ಎಂದು ಕೇಳುತ್ತಾನೆ. ಹತ್ತು ಊರುಗಳನ್ನು ಸುತ್ತಿ ಬಂದವನು ಯಾವ ಊರು ಹೆಚ್ಚು ಚೆಲುವು ಎಂದು ಹೇಳತೊಡಗುತ್ತಾನೆ. ಹಣ್ಣಿನ ಪ್ರಶ್ನೆ ಹಣ್ಣು ಅರಗುವುದರೊಳಗಾಗಿ ಮರೆತುಹೋಗುತ್ತದೆ. ಊರಿನ ಪ್ರಶ್ನೆ ಪ್ರಯಾಣದ ಆಯಾಸದೊಡನೆ ಮುಗಿಯುತ್ತದೆ. ಹಾಡಿನ ಪ್ರಶ್ನೆ ಮಾತ್ರ ಹಾಗಲ್ಲ. ಒಂದು ಹಾಡನ್ನು ಮನಸಾರೆ ಮೆಚ್ಚಿದವನು ಅದನ್ನು ತನ್ನದೆಂದೇ ಭಾವಿಸುತ್ತಾನೆ. ಅದಕ್ಕಿಂತ ಇನ್ನೊಂದು ಮೇಲೆಂದು ಯಾರಾದರೂ ಅಂದರೆ, ತನ್ನ ಮನೆಯ ಮಗುವನ್ನು ಹಳಿದಷ್ಟು ನೋವು ಅವನಿಗೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯುಂಟು. ಹಾಡಿನ ವಿಷಯದಲ್ಲಿ ಹೆತ್ತವರಿಗಿಂತ ಸಾಕಿಕೊಂಡವರ ಮುದ್ದೇ ಹೆಚ್ಚು.

ಇದಕ್ಕೆ ಬೀಟಲ್ಸ್ ತಂಡದ ಅಭಿಮಾನಿಗಳಿಗಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ. ೧೯೫೦ರ ದಶಕದಲ್ಲಿ ಅಮೆರಿಕದಲ್ಲಿ ರಾಕ್ ಎಂಬ ಹೊಸ ಸಂಗೀತ ಹುಟ್ಟಿಕೊಂಡಿತು. ವಿದ್ಯುತ್ತಿನಿಂದ ಧ್ವನಿ ಹೆಚ್ಚಿಸಿದ ಗಿಟಾರುಗಳು, ಅವುಗಳ ಹಿಂದೆ ಡ್ರಮ್ಮುಗಳ ಗಟ್ಟಿಯಾದ ತಾಳ, ಯೌವನದ ಉತ್ಸಾಹ ತುಂಬಿದ ಗಾಯನ, ಇವು ಅದರ ಲಕ್ಷಣಗಳು. ಈ ಸಂಗೀತದ ಅಲೆ ಕಡಲನ್ನು ದಾಟಿ ಇಂಗ್ಲೆಂಡಿನ ಲಿವರ್‌ಪೂಲ್ ನಗರವನ್ನು ಮುಟ್ಟಿತು. ಮರ್ಸಿ ನದಿಯ ದಡದಲ್ಲಿರುವ ಆ ಬಂದರು ಎರಡನೆಯ ಮಹಾಯುದ್ಧದಲ್ಲಿ ಬಾಂಬುಗಳ ಪೆಟ್ಟು ತಿಂದು ಜರ್ಜರಿತವಾಗಿತ್ತು. ಯುದ್ಧದ ಆ ವರ್ಷಗಳಲ್ಲಿ ಅಲ್ಲಿಯ ಸಾಮಾನ್ಯ ಕುಟುಂಬಗಳಲ್ಲಿ ಹುಟ್ಟಿದ ನಾಲ್ವರು ಹುಡುಗರೇ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಮತ್ತು ರಿಂಗೊ ಸ್ಟಾರ್. ೧೯೫೭ರ ಜುಲೈ ತಿಂಗಳಲ್ಲಿ ಒಂದು ಚರ್ಚಿನ ಜಾತ್ರೆಯಲ್ಲಿ ಹದಿನಾರು ವರ್ಷದ ಲೆನನ್ ಮತ್ತು ಹದಿನೈದು ವರ್ಷದ ಮೆಕಾರ್ಟ್ನಿ ಮೊದಲ ಬಾರಿಗೆ ಭೇಟಿಯಾದರು. ಬೀಟಲ್ಸ್ ತಂಡದ ಮೊದಲ ಧ್ವನಿಮುದ್ರಿಕೆ ಹೊರಬಂದದ್ದು ೧೯೬೨ರ ಅಕ್ಟೋಬರಿನಲ್ಲಿ. ತಂಡ ಒಡೆದುಹೋದದ್ದು ೧೯೭೦ರಲ್ಲಿ. ನಡುವಿನ ಎಂಟು ವರ್ಷಗಳಲ್ಲಿ ಅವರು ಧ್ವನಿಮುದ್ರಿಸಿದ ಹಾಡುಗಳು ಇನ್ನೂರಕ್ಕೂ ಹೆಚ್ಚು. ಅವುಗಳಲ್ಲಿ ಅತ್ಯುತ್ತಮವಾದುದು ಯಾವುದೆಂಬ ವಾದಕ್ಕೆ ಎಂಟು ವರ್ಷ ಸಾಲಲಿಲ್ಲ. ಅರ್ಧ ಶತಮಾನ ಕಳೆದ ಮೇಲೂ ಅದು ಮುಗಿದಿಲ್ಲ.

ವಾದಕ್ಕೆ ಇಳಿಯುವ ಅಭಿಮಾನಿಗಳಲ್ಲಿ ಮೂರು ಪಂಗಡಗಳನ್ನು ಗುರುತಿಸಬಹುದು. ಮೊದಲನೆಯವರು ಎಣಿಸುವವರು. ಯಾವ ಹಾಡು ಎಷ್ಟು ಮಾರಾಟವಾಯಿತು, ಎಷ್ಟು ವಾರ ಮೊದಲ ಸ್ಥಾನದಲ್ಲಿತ್ತು ಎಂಬ ಲೆಕ್ಕವೇ ಇವರಿಗೆ ಪ್ರಮಾಣ. ಎರಡನೆಯವರು ಪರೀಕ್ಷಿಸುವವರು. ಅಕ್ಕಸಾಲಿಗನು ಒಡವೆಯನ್ನು ತಿರುಗಿಸಿ ನೋಡುವಂತೆ ಇವರು ಹಾಡಿನ ಕಟ್ಟಡವನ್ನೂ ಕೆಲಸಗಾರಿಕೆಯನ್ನೂ ನೋಡುತ್ತಾರೆ. ಮೂರನೆಯವರು ನೆನೆಯುವವರು. ಹಾಡು ಹೇಗಿದೆ ಎಂಬುದಕ್ಕಿಂತ, ಅದನ್ನು ಕೇಳಿದಾಗ ತಾವು ಎಲ್ಲಿದ್ದೆವು, ಯಾರೊಡನೆ ಇದ್ದೆವು ಎಂಬುದೇ ಇವರಿಗೆ ಮುಖ್ಯ. ಆದರೆ ಮೂರನೆಯ ಪಂಗಡದವರು ತಮ್ಮ ನಿಜವಾದ ಕಾರಣವನ್ನು ಬಾಯಿಬಿಟ್ಟು ಹೇಳುವುದು ಅಪರೂಪ. ವಾದದಲ್ಲಿ ಅವರು ಸೋಲುವುದು ಆ ಕಾರಣದಿಂದಲೇ.

ಲಿವರ್‌ಪೂಲಿನ ಯಾವ ಬೀದಿಯಲ್ಲಿ ಬೇಕಾದರೂ ಇರಬಹುದಾದ ಇಬ್ಬರು ವೃದ್ಧ ಸ್ನೇಹಿತರನ್ನು ಕಲ್ಪಿಸಿಕೊಂಡರೆ ಈ ವಾದದ ಸ್ವರೂಪ ಸ್ಪಷ್ಟವಾಗುತ್ತದೆ. ಇಬ್ಬರೂ ೧೯೫೦ರಲ್ಲಿ ಹುಟ್ಟಿದವರು. ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನ ಮೇಲೆ ಕುಳಿತು ಓದಿದವರು. ಒಬ್ಬರು ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಷ್ಟರು. ಇನ್ನೊಬ್ಬರು ಮೂವತ್ತು ವರ್ಷ ನಗರದ ಬಸ್ಸುಗಳನ್ನು ಓಡಿಸಿ ವಿಶ್ರಾಂತರಾದ ಚಾಲಕರು. ಪ್ರತಿ ಶನಿವಾರ ಸಂಜೆ ಚಾಲಕರು ಮೇಷ್ಟರ ಮನೆಗೆ ಬರುವರು. ಚಹಾ ಆಗುವುದು, ಊರಿನ ಸುದ್ದಿ ಆಗುವುದು, ಮೊಣಕಾಲಿನ ನೋವಿನ ವಿಚಾರವೂ ಆಗುವುದು. ಅದು ಮುಗಿದೊಡನೆ ಹಳೆಯ ಧ್ವನಿಮುದ್ರಿಕೆಗಳು ಕಪಾಟಿನಿಂದ ಇಳಿಯುವುವು. ಹಳೆಯ ವಾದವೂ ಅವುಗಳ ಜೊತೆಯಲ್ಲಿಯೇ ಇಳಿಯುವುದು.

ಮೇಷ್ಟರು ಪರೀಕ್ಷಿಸುವವರ ಪಂಗಡಕ್ಕೆ ಸೇರಿದವರು. ಅವರ ಪಾಲಿಗೆ ೧೯೬೭ರ ಫೆಬ್ರವರಿಯಲ್ಲಿ ಹೊರಬಂದ 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಎಂಬುದೇ ಅತ್ಯುತ್ತಮ ಹಾಡು. ಲಿವರ್‌ಪೂಲಿನ ವುಲ್ಟನ್ ಭಾಗದಲ್ಲಿ ಸಾಲ್ವೇಷನ್ ಆರ್ಮಿ ಎಂಬ ಸಂಸ್ಥೆ ನಡೆಸುತ್ತಿದ್ದ ಮಕ್ಕಳ ಆಶ್ರಯಧಾಮವೊಂದಿತ್ತು. ಸ್ಟ್ರಾಬೆರಿ ಫೀಲ್ಡ್ ಎಂದು ಅದರ ಹೆಸರು. ದೊಡ್ಡಮ್ಮನ ಮನೆಯಲ್ಲಿ ಬೆಳೆಯುತ್ತಿದ್ದ ಬಾಲಕ ಲೆನನ್ನನಿಗೆ ಆ ಸ್ಥಳ ಹತ್ತಿರದ್ದು, ಪ್ರಿಯವಾದದ್ದು. ಮುಂದೆ ಅವನು ಆ ಹೆಸರನ್ನೇ ಹಿಡಿದು ಹಾಡು ಕಟ್ಟಿದ. ತಂಡದವರು ಅದನ್ನು ಒಮ್ಮೆ ಹಗುರವಾದ ರೀತಿಯಲ್ಲಿ ಧ್ವನಿಮುದ್ರಿಸಿದರು. ಆಮೇಲೆ ತುತ್ತೂರಿಗಳನ್ನೂ ಚೆಲ್ಲೊ ಎಂಬ ದೊಡ್ಡ ಪಿಟೀಲುಗಳನ್ನೂ ಸೇರಿಸಿ ಇನ್ನೊಮ್ಮೆ ಮುದ್ರಿಸಿದರು. ಲೆನನ್ನನಿಗೆ ಮೊದಲಿನದರ ಆರಂಭ ಇಷ್ಟ, ಎರಡನೆಯದರ ಮುಕ್ತಾಯ ಇಷ್ಟ. ಎರಡನ್ನೂ ಜೋಡಿಸಿರಿ ಎಂದ. ಆದರೆ ಎರಡರ ಶ್ರುತಿ ಬೇರೆ, ವೇಗ ಬೇರೆ. ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ತಂತ್ರಜ್ಞ ಜೆಫ್ ಎಮೆರಿಕ್ ಧ್ವನಿಸುರುಳಿಗಳ ವೇಗವನ್ನು ಹೆಚ್ಚುಕಡಿಮೆ ಮಾಡಿ, ಎರಡೂ ಒಂದೇ ಶ್ರುತಿಗೆ ಬರುವಂತೆ ಹೊಂದಿಸಿ, ಸುರುಳಿಯನ್ನು ಕತ್ತರಿಸಿ ಅಂಟಿಸಿಬಿಟ್ಟರು. ಹಾಡು ಮೊದಲಾಗಿ ಒಂದು ನಿಮಿಷವಾಗುವ ಹೊತ್ತಿಗೆ ಆ ಬೆಸುಗೆ ಬರುತ್ತದೆ; ಅಲ್ಲಿಂದ ಮುಂದೆ ಗಾಯಕನ ಧ್ವನಿಗೆ ಕನಸಿನ ಭಾರ ಬಂದಂತಾಗುತ್ತದೆ. "ಹೊಂದದ ಎರಡು ಲೆಕ್ಕಗಳನ್ನು ಹೊಂದಿಸಿ ಒಂದೇ ಉತ್ತರ ತಂದವರು ಇವರು" ಎಂದು ಮೇಷ್ಟರು ಹೆಮ್ಮೆಯಿಂದ ಹೇಳುವರು. ಅದೇ ಹಾಡಿನಲ್ಲಿ ಹ್ಯಾರಿಸನ್ ಭಾರತದ ಸ್ವರಮಂಡಲವನ್ನು ಮೀಟಿರುವುದನ್ನು ತೋರಿಸಿಕೊಡುವುದಕ್ಕೂ ಅವರು ಮರೆಯುತ್ತಿರಲಿಲ್ಲ.

ಚಾಲಕರ ಹಾಡು ೧೯೬೫ರ 'ಯೆಸ್ಟರ್‌ಡೇ.' ಅದರ ಕಥೆ ಬೇರೆ. ಮೆಕಾರ್ಟ್ನಿ ಒಂದು ಬೆಳಿಗ್ಗೆ ನಿದ್ರೆಯಿಂದೇಳುವಾಗ ಅದರ ಮಟ್ಟು ಅವನ ತಲೆಯಲ್ಲಿ ಪೂರ್ತಿಯಾಗಿ ತುಂಬಿಕೊಂಡಿತ್ತು. ಇಷ್ಟು ಸಲೀಸಾಗಿ ಬಂದ ಮಟ್ಟು ತನ್ನದಾಗಿರಲಾರದು, ಎಲ್ಲಿಯೋ ಕೇಳಿದ್ದನ್ನು ತಾನು ಕದ್ದಿರಬೇಕು ಎಂದು ಅವನು ಹೆದರಿದ. ಪರರ ವಸ್ತು ಸಿಕ್ಕಿದವನು ಒಡೆಯನನ್ನು ಹುಡುಕುವಂತೆ, ಕಂಡಕಂಡವರ ಮುಂದೆ ಅದನ್ನು ಗುನುಗಿ, ಇದು ಯಾರದೆಂದು ವಿಚಾರಿಸಿದ. ಒಡೆಯನು ಯಾರೂ ಸಿಗಲಿಲ್ಲ. ಮಾತುಗಳು ಹೊಳೆಯುವವರೆಗೆ ಬೆಳಗಿನ ತಿಂಡಿಯ ಮೊಟ್ಟೆಯ ಮೇಲೆ ಏನೋ ಹುಚ್ಚು ಸಾಲು ಕಟ್ಟಿಕೊಂಡು ಹಾಡುತ್ತಿದ್ದ. ಕೊನೆಗೆ ಧ್ವನಿಮುದ್ರಣವಾದಾಗ ಹಾಡಿದವನು ಅವನೊಬ್ಬನೇ. ಜೊತೆಗೆ ಅವನದೇ ಗಿಟಾರು, ನಾಲ್ಕು ತಂತಿವಾದ್ಯಗಳು. ಉಳಿದ ಮೂವರು ಗೆಳೆಯರು ಅದರಲ್ಲಿ ಭಾಗವಹಿಸಲಿಲ್ಲ. ಎರಡು ನಿಮಿಷಗಳಷ್ಟರಲ್ಲಿ ಹಾಡು ಮುಗಿದುಹೋಗುತ್ತದೆ. ಇಷ್ಟೆಲ್ಲ ವಿವರ ಚಾಲಕರಿಗೂ ಗೊತ್ತಿತ್ತು. ಆದರೆ ಯಾಕೆ ಅದು ಮೇಲೆಂದು ಕೇಳಿದರೆ, "ಕೇಳಿದರೆ ತಿಳಿಯುತ್ತದೆ" ಎಂಬುದಷ್ಟೇ ಅವರ ಉತ್ತರ. ಗಣಿತದ ಮೇಷ್ಟರಿಗೆ ಅದು ಉತ್ತರವೇ ಅಲ್ಲ.

೨೦೨೨ರ ಚಳಿಗಾಲದ ಒಂದು ಶನಿವಾರ ಈ ವಾದ ಎಂದಿಗಿಂತ ಕಾವೇರಿತು. ಮೇಷ್ಟರ ಮಗಳೂ ಹದಿನಾಲ್ಕು ವರ್ಷದ ಮೊಮ್ಮಗನೂ ಅಂದು ಸಭೆಯಲ್ಲಿದ್ದರು. ಮಗಳದು ಹ್ಯಾರಿಸನ್ನನ ಪಕ್ಷ. "ನೀವಿಬ್ಬರೂ ಇಬ್ಬರು ಅಣ್ಣಂದಿರ ಹೆಸರು ಹೇಳುತ್ತ ತಮ್ಮನನ್ನು ಮರೆತಿದ್ದೀರಿ" ಎಂದು ಆಕೆ ಆಕ್ಷೇಪಿಸಿದಳು. ೧೯೬೫ರಲ್ಲಿಯೇ ಬೀಟಲ್ಸ್ ಹಾಡಿನಲ್ಲಿ ಸಿತಾರನ್ನು ನುಡಿಸಿದವನು ಹ್ಯಾರಿಸನ್. ಮರುವರ್ಷ ಭಾರತಕ್ಕೆ ಬಂದು ಪಂಡಿತ ರವಿಶಂಕರರ ಬಳಿ ಶಿಷ್ಯನಾಗಿ ಕುಳಿತವನು. ಅಣ್ಣಂದಿರ ನೆರಳಿನಲ್ಲಿ ಬೆಳೆದ ಅವನು ೧೯೬೯ರಲ್ಲಿ 'ಸಮ್‌ಥಿಂಗ್' ಎಂಬ ಹಾಡನ್ನು ಹೊರತಂದಾಗ ಆ ಇಬ್ಬರೂ ಅದನ್ನು ಮೆಚ್ಚಿಕೊಂಡರು. ಮೊಮ್ಮಗನಿಗೂ ಹ್ಯಾರಿಸನ್ನನೇ ಇಷ್ಟ. ಆದರೆ ಅವನ ಹಾಡು 'ಹಿಯರ್ ಕಮ್ಸ್ ದ ಸನ್.' ೧೯೬೯ರ ವಸಂತದಲ್ಲಿ, ವ್ಯವಹಾರದ ಸಭೆಗಳಿಂದ ಬೇಸತ್ತ ಹ್ಯಾರಿಸನ್ ಒಂದು ದಿನ ಸಭೆಯನ್ನು ತಪ್ಪಿಸಿಕೊಂಡು, ಗೆಳೆಯ ಎರಿಕ್ ಕ್ಲಾಪ್ಟನ್ನನ ತೋಟದಲ್ಲಿ ಬಿಸಿಲು ಕಾಯುತ್ತ ಕಟ್ಟಿದ ಹಾಡು ಅದು. ವರ್ಷವಿಡೀ ಬಿಸಿಲು ಕಾಣುವ ನಾಡಿನವರಿಗೆ ಸೂರ್ಯ ಬಂದನೆಂಬುದು ಸುದ್ದಿಯಲ್ಲ. ತಿಂಗಳುಗಟ್ಟಲೆ ಮೋಡ ಮಂಜುಗಳಲ್ಲಿ ಮುದುಡಿ ಕುಳಿತ ಇಂಗ್ಲೆಂಡಿನವರಿಗೆ ಅದು ಹಬ್ಬ. ಶಾಲೆಯ ಪಾಠ ತಪ್ಪಿಸಿಕೊಳ್ಳುವ ಆಸೆಯಿರುವ ಹುಡುಗನಿಗೆ ಆ ಹಾಡಿನ ಹುಟ್ಟು ಮತ್ತಷ್ಟು ಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ.

ವಾದವನ್ನು ಬೇಗನೆ ತೀರಿಸಿಬಿಡಬೇಕೆಂದು ಮೊಮ್ಮಗ ಎಣಿಸುವವರ ಮಾರ್ಗ ಹಿಡಿದ. 'ಹೇ ಜೂಡ್' ೧೯೬೮ರಲ್ಲಿ ಅಮೆರಿಕದಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು ಎಂದು ಓದಿ ಹೇಳಿದ. "ಹಾಗಾದರೆ ನನ್ನ ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನವನ್ನೇ ಮುಟ್ಟಲಿಲ್ಲ. ಅದನ್ನು ಹಿಂದೆ ಹಾಕಿದ ಹಾಡನ್ನು ಈಗ ಎಷ್ಟು ಜನ ನೆನೆಯುತ್ತಾರೆ? ಸಂತೆಯ ಲೆಕ್ಕ ಸಂಗೀತಕ್ಕೆ ಸಲ್ಲದು" ಎಂದರು ಮೇಷ್ಟರು. ಹುಡುಗ ಬಿಡಲಿಲ್ಲ. ಅಮೆರಿಕದ ಹೆಸರಾಂತ ಸಂಗೀತ ಪತ್ರಿಕೆ 'ರೋಲಿಂಗ್ ಸ್ಟೋನ್' ಪ್ರಕಟಿಸಿದ ಪಟ್ಟಿಗಳನ್ನು ಹುಡುಕಿ ತೆಗೆದ. ಸಾರ್ವಕಾಲಿಕ ಶ್ರೇಷ್ಠ ಹಾಡುಗಳ ೨೦೦೪ರ ಪಟ್ಟಿಯಲ್ಲಿ ಬೀಟಲ್ಸ್ ಹಾಡುಗಳ ಪೈಕಿ ಎಲ್ಲಕ್ಕಿಂತ ಮೇಲಿದ್ದುದು 'ಹೇ ಜೂಡ್.' ಬೀಟಲ್ಸ್ ಹಾಡುಗಳಿಗೆಂದೇ ಆ ಪತ್ರಿಕೆ ೨೦೧೦ರಲ್ಲಿ ಸಿದ್ಧಪಡಿಸಿದ ಪಟ್ಟಿಯಲ್ಲಿ ಮೊದಲನೆಯದು 'ಎ ಡೇ ಇನ್ ದ ಲೈಫ್.' ೨೦೨೧ರಲ್ಲಿ ಸಾರ್ವಕಾಲಿಕ ಪಟ್ಟಿಯನ್ನು ಹೊಸದಾಗಿ ಮಾಡಿದಾಗ ಬೀಟಲ್ಸ್ ಹಾಡುಗಳಲ್ಲಿ ಮೇಲೆ ನಿಂತದ್ದು 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್.' ಪತ್ರಿಕೆ ಒಂದೇ, ಪ್ರಶ್ನೆ ಒಂದೇ. ಉತ್ತರ ಮಾತ್ರ ಮೂರು! ಹಾಡುಗಳೇನೂ ಬದಲಾಗಿರಲಿಲ್ಲ, ತೀರ್ಪು ಹೇಳುವವರೂ ಕಾಲವೂ ಬದಲಾಗಿದ್ದವು.

ಎಲ್ಲರೂ ನಕ್ಕರು. ಆದರೆ ಕೊನೆಯ ಪಟ್ಟಿಯಲ್ಲಿ ತಮ್ಮ ಹಾಡಿನ ಹೆಸರು ಕೇಳಿದ ಮೇಷ್ಟರಿಗೆ ಗೆಲುವಿನ ಅಮಲು ಸ್ವಲ್ಪ ಏರಿತು. ಸಂತೆಯ ಲೆಕ್ಕ ಸಲ್ಲದೆಂದು ಆಗತಾನೇ ಅಂದವರು ಅದನ್ನು ಮರೆತು, ಗೆಳೆಯನ ಕಡೆಗೆ ತಿರುಗಿದರು. "ಇನ್ನಾದರೂ ಒಪ್ಪಿಕೊ. ನಿನ್ನ ಹಾಡು ಅಂಗಡಿಯ ಕಣ್ಣೀರು. ಎರಡು ನಿಮಿಷದ ಅಳತೆಯಲ್ಲಿ ಕಟ್ಟಿಕೊಡುತ್ತಾರೆ. ಸಂಗೀತವನ್ನು ಕೇಳಲು ಬಾರದವರು ಮಾತ್ರ ಅದನ್ನು ಮೇಲೆನ್ನುತ್ತಾರೆ" ಎಂದುಬಿಟ್ಟರು.

ಚಾಲಕರು ಮಾತನಾಡಲಿಲ್ಲ. ಅರ್ಧ ಉಳಿದಿದ್ದ ಚಹಾದ ಬಟ್ಟಲನ್ನು ಮೇಜಿನ ಮೇಲೆ ಇಟ್ಟರು. ಹೊತ್ತಾಯಿತೆಂದು ಹೇಳಿ, ಗೂಟದ ಮೇಲಿದ್ದ ಟೋಪಿಯನ್ನು ತೆಗೆದುಕೊಂಡು ಹೊರಟುಹೋದರು. ಮುಂದಿನ ಶನಿವಾರ ಅವರು ಬರಲಿಲ್ಲ. ಅದರ ಮುಂದಿನ ಶನಿವಾರವೂ ಬರಲಿಲ್ಲ.

ಮೇಷ್ಟರ ಮಾತಿನಲ್ಲಿ ಎರಡು ಭಾಗಗಳಿದ್ದುವು. ಮೊದಲನೆಯದು ಹಾಡಿನ ಮೇಲಣ ಅಭಿಪ್ರಾಯ. ಅದು ಸರಿಯಿರಬಹುದು, ತಪ್ಪಿರಬಹುದು; ಹಾಗೆ ಹೇಳುವ ಸ್ವಾತಂತ್ರ್ಯ ಎಲ್ಲರಿಗೂ ಉಂಟು. ಎರಡನೆಯದು ಹಾಡನ್ನು ಮೆಚ್ಚಿದ ಮನುಷ್ಯನ ಮೇಲಣ ತೀರ್ಪು. ಅಲ್ಲಿಗೆ ವಾದ ಮುಗಿದು ಅವಮಾನ ಮೊದಲಾಯಿತು. ಈ ಎರಡರ ನಡುವಣ ಗೆರೆ ಕೂದಲಿಗಿಂತ ಸಣ್ಣದು. ದಾಟುವವನಿಗೆ ದಾಟಿದುದು ಗೊತ್ತಾಗುವುದಿಲ್ಲ. ಎದುರಿಗೆ ಕುಳಿತವನಿಗೆ ಗೊತ್ತಾಗುತ್ತದೆ.

ಮೂರನೆಯ ವಾರ ಮೇಷ್ಟರು ಬೀದಿಯಲ್ಲಿ ಚಾಲಕರ ಅಕ್ಕನನ್ನು ಕಂಡರು. ಆಕೆ ಇವರನ್ನು ಚಡ್ಡಿ ತೊಟ್ಟು ತಿರುಗುತ್ತಿದ್ದ ಕಾಲದಿಂದ ಬಲ್ಲವಳು. ನಡೆದುದನ್ನು ಮೇಷ್ಟರು ಮುಚ್ಚಿಡದೆ ಹೇಳಿದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನು ನಿನಗೆ ಆ ಸಂಗತಿಯನ್ನು ಇಷ್ಟು ವರ್ಷವಾದರೂ ಹೇಳಿಲ್ಲವೇನು?" ಎಂದು ಕೇಳಿದಳು.

"ಯಾವ ಸಂಗತಿ ಅಕ್ಕಾ?"

"೧೯೬೫ರ ಶರತ್ಕಾಲದಲ್ಲಿ ನಮ್ಮ ತಾಯಿ ತೀರಿಕೊಂಡದ್ದು ನಿನಗೆ ಗೊತ್ತಿದೆ. ಆಗ ಅವನಿಗೆ ಹದಿನೈದು ವರ್ಷ. ಮಣ್ಣು ಮಾಡುವ ದಿನವೂ ಅವನ ಕಣ್ಣಿನಲ್ಲಿ ನೀರಿಲ್ಲ. ಅಪ್ಪನೂ ಮಾತು ಬಿಟ್ಟ. ಮನೆಯಲ್ಲಿ ಮೂವರು ಮೂರು ಮೂಲೆ ಹಿಡಿದೆವು. ನಾನು ದುಡಿದ ಹಣದಲ್ಲಿ ಕೊಂಡು ತಂದಿದ್ದ ಆ ಧ್ವನಿಮುದ್ರಿಕೆಯನ್ನು ಒಂದು ರಾತ್ರಿ ಸುಮ್ಮನೆ ಹಾಕಿದೆ. ಆ ಹಾಡು ಬಂದಾಗ ಹುಡುಗ ಅಳುವುದಕ್ಕೆ ಮೊದಲು ಮಾಡಿದ. ಅಪ್ಪ ಎದ್ದು ಬಂದು ಅವನ ಪಕ್ಕದಲ್ಲಿ ಕುಳಿತ. ತಾಯಿ ಹೋದ ಮೇಲೆ ಮೂವರೂ ಒಂದೆಡೆ ಕುಳಿತದ್ದು ಅದೇ ಮೊದಲು. ಅವನಿಗೆ ಅದು ಹಾಡು ಮಾತ್ರವಲ್ಲ."

ಮೇಷ್ಟರು ಮನೆಗೆ ಬಂದರು. ತಾವು ಐವತ್ತು ವರ್ಷಗಳಿಗೂ ಮೇಲ್ಪಟ್ಟು 'ಕಾರಣ ಹೇಳು' ಎಂದು ಗೆಳೆಯನನ್ನು ಪೀಡಿಸುತ್ತಿದ್ದುದು ನೆನಪಾಯಿತು. ಹೇಳಲಾರದ ಕಾರಣವೆಂಬುದೊಂದು ಇರಬಹುದೆಂದು ಅವರಿಗೆ ಹೊಳೆದಿರಲೇ ಇಲ್ಲ. ಆ ರಾತ್ರಿ ಅವರು ಒಬ್ಬರೇ ಕುಳಿತು 'ಯೆಸ್ಟರ್‌ಡೇ' ಹಾಡನ್ನು ಹಾಕಿದರು. ಎಷ್ಟೋ ಸಾವಿರ ಸಲ ಕಿವಿಯ ಮೇಲೆ ಬಿದ್ದಿದ್ದ ಹಾಡು ಅದು. ಆದರೆ ಕಿವಿಯ ಮೇಲೆ ಬೀಳುವುದು ಬೇರೆ, ಕೇಳುವುದು ಬೇರೆ. ಗಣಿತದ ಮನುಷ್ಯನ ಬೆರಳುಗಳು ತಾವಾಗಿಯೇ ಮೊಣಕಾಲಿನ ಮೇಲೆ ತಾಳದ ಆವರ್ತಗಳನ್ನು ಎಣಿಸತೊಡಗಿದುವು. ಇಂತಹ ಹಾಡುಗಳಲ್ಲಿ ಒಂದೊಂದು ಚರಣ ಸಾಮಾನ್ಯವಾಗಿ ಎಂಟು ಆವರ್ತಗಳಿಗೆ ಮುಗಿಯುವುದು ವಾಡಿಕೆ. ಇಲ್ಲಿ ಏಳಕ್ಕೇ ಮುಗಿದುಹೋಯಿತು. ತಪ್ಪಿರಬೇಕೆಂದು ಮತ್ತೆ ಎಣಿಸಿದರು. ಮತ್ತೆಯೂ ಏಳು. ಎಂಟನೆಯ ಮೆಟ್ಟಿಲು ಇರುವುದೆಂದು ಕಾಲಿಟ್ಟವನಿಗೆ ಅಲ್ಲಿ ಮೆಟ್ಟಿಲೇ ಇಲ್ಲ! ಇರಬೇಕಾದುದೊಂದು ಇಲ್ಲವಾಗಿದೆ ಎಂಬ ಭಾವವನ್ನು ಮಾತಿನಿಂದಲ್ಲದೆ, ಲೆಕ್ಕದಿಂದಲೇ ಆ ಹಾಡು ಹೇಳುತ್ತಿತ್ತು. ಕೆಲಸಗಾರಿಕೆಯಿಲ್ಲವೆಂದು ತಾವು ಹಳಿದ ಹಾಡಿನಲ್ಲಿ ಅದು ಕಣ್ಣಿಗೆ ಕಾಣದಷ್ಟು ನಯವಾಗಿ ಅಡಗಿತ್ತು.

ಇನ್ನೊಂದು ಸಂಗತಿಯೂ ಆಗ ಅವರಿಗೆ ನೆನಪಾಯಿತು. ಮೆಕಾರ್ಟ್ನಿ ತನ್ನ ತಾಯಿಯನ್ನು ಕಳೆದುಕೊಂಡಾಗ ಹದಿನಾಲ್ಕು ವರ್ಷದವನು; ಅದು ೧೯೫೬. ಲೆನನ್ನನ ತಾಯಿ ೧೯೫೮ರಲ್ಲಿ ಕಾರಿನ ಅಪಘಾತದಲ್ಲಿ ಮಡಿದಾಗ ಅವನಿಗೆ ಹದಿನೇಳು. ಅಭಿಮಾನಿಗಳು ಲೆನನ್ ಪಕ್ಷ, ಮೆಕಾರ್ಟ್ನಿ ಪಕ್ಷ ಎಂದು ಎರಡು ಪಾಳೆಯಗಳಾಗಿ ಹೋರಾಡುತ್ತಾರೆ. ಆ ಹಾಡುಗಳನ್ನು ಕಟ್ಟಿದವರಾದರೋ ಒಂದೇ ಬಗೆಯ ದುಃಖವನ್ನು ಉಂಡು, ಒಂದೇ ಕೋಣೆಯಲ್ಲಿ ಎದುರುಬದುರಾಗಿ ಗಿಟಾರು ಹಿಡಿದು ಕುಳಿತ ಇಬ್ಬರು ಹುಡುಗರು.

ಮರುದಿನ ಮೇಷ್ಟರು ಗೆಳೆಯನ ಮನೆಯ ಬಾಗಿಲು ತಟ್ಟಿದರು. ಬಾಗಿಲು ತೆರೆದೊಡನೆ, ಕುಶಲವನ್ನೂ ಕೇಳದೆ, "ಏಳು ಕಣಯ್ಯಾ" ಎಂದರು.

"ಏನು ಏಳು?"

"ನಿನ್ನ ಹಾಡಿನ ಆವರ್ತಗಳು. ಎಂಟಲ್ಲ, ಏಳು. ಇಷ್ಟು ವರ್ಷ ನಾನು ಎಣಿಸಿಯೇ ಇರಲಿಲ್ಲ." ಸ್ವಲ್ಪ ತಡೆದು, "ಅಂದು ನಾನು ಆಡಿದ ಮಾತು ಹಾಡಿನ ಮೇಲಿರಲಿಲ್ಲ, ನಿನ್ನ ಮೇಲಿತ್ತು. ಅದು ತಪ್ಪು" ಎಂದರು.

ಚಾಲಕರು ಬಾಗಿಲಿನಿಂದ ಪಕ್ಕಕ್ಕೆ ಸರಿದು, "ಒಳಗೆ ಬಾ. ಚಳಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತೀಯೆ?" ಎಂದರು. ಒಲೆಯ ಮೇಲೆ ನೀರಿಟ್ಟು ಬಂದು ಕುಳಿತ ಮೇಲೆ, ಅವರೂ ಒಂದು ಮಾತು ಹೇಳಿದರು: "ನಿನ್ನ ಹಾಡಿನಲ್ಲಿ ಆ ಬೆಸುಗೆ ಎಲ್ಲಿದೆಯೋ ನನಗೆ ಒಮ್ಮೆಯೂ ಕೇಳಿಸಿಲ್ಲ. ಕೇಳಿಸಿತೆಂದು ಸುಮ್ಮನೆ ತಲೆಯಾಡಿಸುತ್ತಿದ್ದೆ." ಇಬ್ಬರೂ ಆ ಹಾಡನ್ನು ಹಾಕಿಕೊಂಡು ಕುಳಿತರು. ಒಂದು ನಿಮಿಷವಾಗುವ ಹೊತ್ತಿಗೆ ಮೇಷ್ಟರು ಬೆರಳೆತ್ತಿದರು. ಚಾಲಕರು ತಲೆಯಾಡಿಸಿ, ಇನ್ನೊಮ್ಮೆ ಎಂದರು. ಮೂರನೆಯ ಸಲ ಬೆರಳೆತ್ತಿದವರು ಚಾಲಕರೇ.

ಅಂದು ಯಾರೂ ಪಕ್ಷಾಂತರ ಮಾಡಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಮೇಷ್ಟರಿಗೆ ಈಗಲೂ 'ಸ್ಟ್ರಾಬೆರಿ ಫೀಲ್ಡ್ಸ್' ಮೇಲು. ಚಾಲಕರಿಗೆ ಈಗಲೂ 'ಯೆಸ್ಟರ್‌ಡೇ.' ಆದರೆ ಶನಿವಾರದ ಸಭೆಗೆ ಹೊಸದೊಂದು ನಿಯಮ ಬಂದಿತು. ತನ್ನ ಹಾಡಿನ ಪರವಾಗಿ ಮಾತನಾಡುವುದಕ್ಕೆ ಮೊದಲು, ಎದುರಾಳಿಯ ಹಾಡಿನ ಪರವಾಗಿ, ಅವನು ಹೌದೆಂದು ಒಪ್ಪುವಂತೆ ಮಾತನಾಡಬೇಕು. ಈ ನಿಯಮದಿಂದ ವಾದ ನಿಲ್ಲಲಿಲ್ಲ, ಮೊದಲಿಗಿಂತ ದೀರ್ಘವಾಯಿತು. ಎದುರಾಳಿಯ ಪರವಾಗಿ ಮಾತನಾಡಲು ಅವನ ಹಾಡನ್ನು ಕೇಳಬೇಕಲ್ಲ! ಹೀಗೆ, ಒಂದು ಹಾಡಿನ ಒಡೆಯರಾಗಿದ್ದವರು ನಾಲ್ಕು ಹಾಡುಗಳ ಒಡೆಯರಾದರು.

ಮೊಮ್ಮಗ ಒಂದು ದಿನ ಇನ್ನೊಂದು ಸುದ್ದಿ ತಂದ. ೧೯೬೫ರ 'ಇನ್ ಮೈ ಲೈಫ್' ಹಾಡಿನ ಮಟ್ಟನ್ನು ಕಟ್ಟಿದವರು ಯಾರೆಂಬ ವಿಷಯದಲ್ಲಿ ಲೆನನ್ ಮತ್ತು ಮೆಕಾರ್ಟ್ನಿಯವರ ನೆನಪುಗಳೇ ಒಂದಕ್ಕೊಂದು ಹೊಂದುವುದಿಲ್ಲ. ಅಮೆರಿಕ ಮತ್ತು ಕೆನಡಾದ ಗಣಿತಜ್ಞರು ಇಬ್ಬರ ಹಾಡುಗಳ ಸ್ವರಜೋಡಣೆಯನ್ನು ಸಂಖ್ಯಾಶಾಸ್ತ್ರದ ಮೂಲಕ ಹೋಲಿಸಿ, ಅದು ಲೆನನ್ನನದಾಗಿರುವ ಸಂಭವವೇ ಬಹಳ ಹೆಚ್ಚೆಂದು ೨೦೧೮ರಲ್ಲಿ ಹೇಳಿದರು. ಮೇಷ್ಟರಿಗೆ ಇದು ಹಾಲು ಸಕ್ಕರೆಯ ಸುದ್ದಿ. ಆದರೆ ಹುಡುಗ, "ಯಾರು ಕಟ್ಟಿದರೆಂದು ಲೆಕ್ಕ ಹೇಳಬಹುದು, ಅಜ್ಜಾ. ಯಾವುದು ಮೇಲೆಂದು ಹೇಳೀತೇ?" ಎಂದ. ಮೇಷ್ಟರು ಆ ಪ್ರಶ್ನೆಗೆ ಪೂರ್ತಿ ಅಂಕಗಳನ್ನು ಕೊಟ್ಟರು.

ಹಾಡು ಕಟ್ಟಿದ ಆ ಇಬ್ಬರು ಗೆಳೆಯರ ಕಥೆಯೂ ಇಂತಹುದೇ. ತಂಡ ಒಡೆದ ಮೇಲೆ ಅವರು ಪರಸ್ಪರ ನೋಯಿಸುವ ಮಾತುಗಳನ್ನು ಹಾಡುಗಳಲ್ಲಿಯೇ ಹೊಸೆದರು. ಕಾಲಕ್ರಮದಲ್ಲಿ ಕಹಿ ತಗ್ಗಿತು. ಆದರೆ ೧೯೮೦ರ ಡಿಸೆಂಬರ್ ೮ರಂದು ನ್ಯೂಯಾರ್ಕಿನಲ್ಲಿ ಲೆನನ್ ಹಂತಕನ ಗುಂಡಿಗೆ ಬಲಿಯಾದ. ಅವನಿಗಾಗ ನಲವತ್ತು ವರ್ಷ. ಮತ್ತೆ ಎದುರುಬದುರಾಗಿ ಕುಳಿತು ಹಾಡು ಕಟ್ಟುವ ಅವಕಾಶ ಅವರಿಗೆ ಉಳಿಯಲಿಲ್ಲ. ಲೆನನ್ ೧೯೭೦ರ ದಶಕದ ಕೊನೆಯಲ್ಲಿ ಮನೆಯಲ್ಲಿ ಪಿಯಾನೊ ನುಡಿಸುತ್ತ ಒಂದು ಸಾಧಾರಣ ಕ್ಯಾಸೆಟ್ಟಿನಲ್ಲಿ ಹಾಡಿಟ್ಟಿದ್ದ ಅಪೂರ್ಣ ಗೀತೆಯೊಂದು ಉಳಿದಿತ್ತು. ಪಿಯಾನೊವಿನ ಸದ್ದಿನಲ್ಲಿ ಅವನ ಧ್ವನಿ ಹೂತುಹೋಗಿದ್ದುದರಿಂದ ೧೯೯೫ರಲ್ಲಿ ಉಳಿದ ಮೂವರು ಮಾಡಿದ ಪ್ರಯತ್ನ ಕೈಗೂಡಲಿಲ್ಲ. ಮುಂದೆ ೨೦೦೧ರಲ್ಲಿ ಹ್ಯಾರಿಸನ್ನನೂ ತೀರಿಕೊಂಡ. ಕೊನೆಗೆ ಗಣಕಯಂತ್ರದ ಹೊಸ ವಿಧಾನದಿಂದ ಧ್ವನಿಯನ್ನು ಬೇರ್ಪಡಿಸುವುದು ಸಾಧ್ಯವಾಯಿತು. ಮೆಕಾರ್ಟ್ನಿ ಗೆಳೆಯನ ಧ್ವನಿಯೊಡನೆ ತನ್ನ ಧ್ವನಿಯನ್ನು ಸೇರಿಸಿದ. ರಿಂಗೊ ಸ್ಟಾರ್ ಡ್ರಮ್ ನುಡಿಸಿದ. ಹ್ಯಾರಿಸನ್ ೧೯೯೫ರಲ್ಲಿ ನುಡಿಸಿದ್ದ ಗಿಟಾರೂ ಸೇರಿತು. 'ನೌ ಅಂಡ್ ದೆನ್' ಎಂಬ ಆ ಹಾಡು ೨೦೨೩ರ ನವೆಂಬರ್ ೨ರಂದು ಹೊರಬಂದಿತು.

ಅದು ಬಂದ ವಾರ ಶನಿವಾರದ ಸಭೆ ಚಾಲಕರ ಮನೆಯಲ್ಲಿ ಸೇರಿತು. ಅಕ್ಕನೂ ಬಂದಿದ್ದಳು. ನಾಲ್ಕು ನಿಮಿಷಗಳ ಆ ಹಾಡು ಮುಗಿಯುವವರೆಗೆ ಯಾರೂ ಮಾತನಾಡಲಿಲ್ಲ. ಮುಗಿದ ಮೇಲೆ ಮೊಮ್ಮಗ, ಅಭ್ಯಾಸದಂತೆ, "ಇದಕ್ಕೆ ಎಷ್ಟನೆಯ ಸ್ಥಾನ?" ಎಂದು ಕೇಳಿದ. ಮೇಷ್ಟರು ಗೆಳೆಯನ ಮುಖ ನೋಡಿದರು. ಚಾಲಕರು ಹುಡುಗನಿಗೆ ಇಷ್ಟೇ ಹೇಳಿದರು:

"ಸ್ಥಾನದ ಮಾತು ಇರಲಿ, ಮಗು. ಮೊದಲು ಇನ್ನೊಂದು ಸಲ ಹಾಕು."